ಒಪ್ಪಿದವರು: ದೊಡ್ಡತಿಮ್ಮಪ್ಪ ಯಜಮಾನರು

ದೊಡ್ಡತಿಮ್ಮಪ್ಪ ಯಜಮಾನ ಆಡಿದ ಮಾತನ್ನ ಹಿಂದಕ್ಕೆ ತಗೊಂಡಿದ್ದನ್ನ ಹದಿನೆಂಟು ಹಟ್ಟಿಯಲ್ಲಿ ಯಾರೂ ಕಂಡಿರಲಿಲ್ಲ. ತುರುವನೂರಿನಿಂದ ಆಚೆಗೆ, ಕುರಿ ಕಾಯೋ ಜನದ ಆ ಹದಿನೆಂಟು ಹಟ್ಟಿಗೂ ಸೇರಿ ಒಂದೇ ಕಟ್ಟೆಮನೆ, ಕಟ್ಟೆಮನೆಗೆ ಒಬ್ಬನೇ ಯಜಮಾನ. ಅಣ್ಣತಮ್ಮಂದಿರ ಪಾಲು, ಗಂಡ ಹೆಂಡಿರ ಜಗಳ, ಕಳುವಾದ ಟಗರು, ಓಡಿಹೋದ ಹುಡುಗಿ, ಏನೇ ಇರಲಿ, ಆತ ಕಟ್ಟೆ ಮೇಲೆ ಕುಂತು ಎಲ್ಲರ ಮಾತೂ ಕೇಳಿ ಕೊನೆಗೆ "ಹೂಂ" ಅಂದರೆ ಮುಗಿಯಿತು. ನಲವತ್ತು ವರ್ಷದಿಂದ ಹಿಂಗೇ ನಡೆದುಬಂದಿತ್ತು. ಕೋರ್ಟಿಗಾದರೆ ಮೇಲೊಂದು ಕೋರ್ಟು ಐತೆ, ನಮ್ಮ ಕಟ್ಟೆಗೆ ಮೇಲೆ ಬೇವಿನ ಮರ ಬಿಟ್ಟರೆ ಏನೂ ಇಲ್ಲ ಅಂತ ಜನ ಹೆಮ್ಮೆಯಿಂದ ಹೇಳಿಕೊಳ್ಳೋರು. ಗೆದ್ದೋರು ಹೇಳಿಕೊಳ್ಳೋದು ಸರಿ. ಸೋತೋರೂ ಅದನ್ನೇ ಹೇಳಿಕೊಂಡು ತಿರುಗೋರು.

ಇದರ ಜೊತೆಗೆ ಇನ್ನೊಂದು ಪದ್ಧತಿ. ಯಜಮಾನನಿಗೆ ಮೈ ಸರಿ ಇಲ್ಲ, ಊರಲ್ಲಿಲ್ಲ, ಇಲ್ಲಾ ಸುಮ್ಮನೆ ಬರೋಕೆ ಮನಸ್ಸಿಲ್ಲ ಅಂದರೆ ತನ್ನ ಬೆತ್ತ ಕಳಿಸೋದು. ಬೆಳ್ಳಿ ಕಟ್ಟಿನ ಆ ಬೆತ್ತವನ್ನ ಕಟ್ಟೆ ಮೇಲೆ ಕರಿ ಕಂಬಳಿ ಹಾಸಿ ಮಲಗಿಸಿದರೆ ಯಜಮಾನನೇ ಕುಂತಂಗೆ. ಅದರ ಮುಂದೆ ನಾಲ್ಕು ಜನ ಹಿರೇರು ಏನು ತೀರ್ಮಾನ ಮಾಡಿದರೂ ಅದು ದೊಡ್ಡತಿಮ್ಮಪ್ಪನ ಮಾತು. ಆವತ್ತು ಆ ಯಪ್ಪ ಇರಲಿಲ್ಲ ಅಂತ ಯಾರೂ ಬಾಯಿ ಬಿಟ್ಟು ಅನ್ನಬಾರದು. ಅಂದೋರೂ ಇಲ್ಲ. ಬೆತ್ತ ಹೊತ್ತುಕೊಂಡು ಹೋದೋರು ಅದನ್ನ ತಮ್ಮ ಲಾಭಕ್ಕೆ ಬಳಸಿಕೊಂಡರು ಅನ್ನೋ ಮಾತೂ ಇಷ್ಟು ವರ್ಷದಲ್ಲಿ ಹುಟ್ಟಿರಲಿಲ್ಲ.

ಇಂಥಾ ಮನುಷ್ಯನ ಕೈಗೆ ದೊಡ್ಡ ಫೋನು ತಂದುಕೊಟ್ಟೋನು ತಮ್ಮನ ಮಗ ಕನಕರಾಜ. ದುರ್ಗದ ಬಸ್ ಸ್ಟ್ಯಾಂಡ್ ಹತ್ತಿರ ಅವನದೊಂದು ಆನ್‌ಲೈನ್ ಸೆಂಟರು. ಪಹಣಿ, ಆಧಾರು, ಜಾತಿ ಸರ್ಟಿಫಿಕೇಟು ಅಂತ ಬೆಳಗ್ಗೆಯಿಂದ ಸಂಜೆವರೆಗೆ ಅಲ್ಲಿ ಸಾಲು. ಕಟ್ಟೆಮನೆ ಸಂಘಕ್ಕೆ ಕಾರ್ಯದರ್ಶಿಯೂ ಅವನೇ, ಯಾಕಂದರೆ ಇಂಗ್ಲೀಷಿನಲ್ಲಿ ಅರ್ಜಿ ಬರೆಯೋಕೆ ಬೇರೆ ಯಾರಿಗೂ ಬರುತ್ತಿರಲಿಲ್ಲ.

"ದೊಡ್ಡಪ್ಪ, ಈಗ ಕಟ್ಟೆ ಮೇಲೆ ಯಾರು ಬರ್ತಾರೆ ಹೇಳು. ಹುಡುಗ್ರೆಲ್ಲಾ ಫೇಸ್‌ಬುಕ್ಕಲ್ಲಿ ಅವರೆ. ನಮ್ಮ ಕಟ್ಟೆಮನೇದೂ ಒಂದು ಪೇಜ್ ಮಾಡಾಣ" ಅಂದ.

"ದಿನಾ ಬರೆಯೋರು ಯಾರಲೇ?"

"ಬರೆಯೋಕೆ ಎಐ ಐತೆ. ಹಬ್ಬ, ಹುಣ್ಣಿಮೆ, ಮದುವೆ, ಸಾವು, ಕುರಿಗೆ ಲಸಿಕೆ, ಎಲ್ಲಾ ಅದೇ ಬರೀತೈತೆ. ಚಿತ್ರನೂ ಅದೇ ಮಾಡ್ತೈತೆ. ಹೊತ್ತಿಗೆ ಸರಿಯಾಗಿ ಅದೇ ಹಾಕ್ತೈತೆ."

"ಎಲ್ಲಾ ಅದೇ ಮಾಡಿದ್ರೆ ನಾನ್ಯಾಕೆ ಮತ್ತೆ?"

"ನೀನು ಒಪ್ಪಬೇಕು ದೊಡ್ಡಪ್ಪ. ಅದು ಬರೆದಿದ್ದು ಮೊದ್ಲು ನಿನ್ನ ಫೋನಿಗೆ ಬರ್ತೈತೆ. ಓದಿ ಹೇಳ್ತೈತೆ. ನೀನು ಹಸಿರು ಒತ್ತಿದ್ರೆ ಹೊರಗೆ ಹೋಗ್ತೈತೆ, ಕೆಂಪು ಒತ್ತಿದ್ರೆ ಅಲ್ಲೇ ಸಾಯ್ತೈತೆ. ಮನುಷ್ಯರ ಒಪ್ಪಿಗೆ ಇಲ್ದೆ ಒಂದಕ್ಷರನೂ ಆಚೆ ಹೋಗಲ್ಲ."

ದೊಡ್ಡತಿಮ್ಮಪ್ಪನಿಗೆ ಈ ಕೊನೇ ಮಾತು ಬಹಳ ಹಿಡಿಸಿತು. ಊರು ಕೇರಿ ತನ್ನ ಹೂಂಗೆ ಕಾಯುತ್ತಿತ್ತು, ಈಗ ಯಂತ್ರವೂ ಕಾಯುತ್ತೆ ಅಂದರೆ ಯಾರಿಗೆ ಬೇಡ? ಹೆಬ್ಬೆರಳು ಒರೆಸಿಕೊಂಡು ಫೋನು ಇಸಕೊಂಡ.

ಮೊದಮೊದಲು ಅವನ ಶ್ರದ್ಧೆ ನೋಡಬೇಕಿತ್ತು. ರುಜು ಹಾಕೋವಷ್ಟು ಬಿಟ್ಟರೆ ಓದು ಬಾರದ ಮನುಷ್ಯ, ಫೋನನ್ನ ಕಿವಿಗೆ ಒತ್ತಿಕೊಂಡು ಒಂದೊಂದು ಪೋಸ್ಟನ್ನೂ ಮೂರು ಸಲ ಕೇಳೋನು. "ಗೌರವಾನ್ವಿತ ಯಜಮಾನರೇ, ತಮ್ಮ ಒಪ್ಪಿಗೆಗಾಗಿ ಒಂದು ಪೋಸ್ಟ್ ಸಿದ್ಧವಾಗಿದೆ" ಅಂತ ಒಳಗಿಂದ ಒಬ್ಬ ಹೆಂಗಸಿನ ದನಿ ಶುರುಮಾಡುತ್ತಿತ್ತು. ಹೆಂಡತಿ ವೀರಮ್ಮ ರಾಗಿ ಕೇರುತ್ತಾ ಕುಂತಲ್ಲಿಂದಲೇ ನಗೋಳು. "ಐವತ್ತು ವರ್ಷ ಬಾಳ್ವೆ ಮಾಡಿ ನಾನೊಂದು ದಿನ ಗೌರವಾನ್ವಿತ ಅನ್ಲಿಲ್ಲ ನೋಡು, ಅದಕ್ಕೇ ಅವಳ ಹಿಂದೆ ಬಿದ್ದೀಯ."

ಒಂದು ಸಲ ಕುರಿ ಲಸಿಕೆ ಬಗ್ಗೆ ಪೋಸ್ಟು ಬಂತು. ಚಿತ್ರದಲ್ಲಿ ಬೆಳ್ಳಗೆ ಉಬ್ಬಿಕೊಂಡ ಕುರಿಗಳು, ಹಿಂದೆ ಹಸಿರು ಗುಡ್ಡ, ಮೋಡ. ದೊಡ್ಡತಿಮ್ಮಪ್ಪ ಫೋನನ್ನ ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. "ಥೂ, ಇದೇನು ಕುರಿನಾ ಹತ್ತಿ ಮೂಟೆನಾ? ನಮ್ಮ ಕಡೆ ಇಂಥಾ ಕುರಿ ಎಲ್ಲಿ ಅವೆ?" ಅಂದು ಕೆಂಪು ಒತ್ತಿದ. ಕಪ್ಪು ಕುರಿ ಬರೋವರೆಗೆ ಐದು ಸಲ ಕೆಂಪೇ ಒತ್ತಿದ. ಹಿರಿಯೂರಿನ ಕಡೆ ಒಬ್ಬ ಮುದುಕ ಸತ್ತಾಗ "ಅಗಲಿಕೆಯ ನೋವು ಪದಗಳಿಗೆ ನಿಲುಕದ್ದು" ಅಂತ ಬರೆದಿತ್ತು. ಆ ಮುದುಕನ ಬಾಯಿಗೆ ಹೆದರಿ ಸ್ವಂತ ಸೊಸೆಯಂದಿರೇ ಬೇರೆ ಮನೆ ಮಾಡಿದ್ದರು. "ಇಷ್ಟೆಲ್ಲಾ ಬೇಡ, ಹೋದ್ರು ಅಂತ ಹಾಕು ಸಾಕು" ಅಂತ ಕನಕರಾಜನಿಗೆ ಹೇಳಿ ತಿದ್ದಿಸಿದ. ಇಷ್ಟು ಎಚ್ಚರದಿಂದ ಇದ್ದ ಮನುಷ್ಯ.

ಆದರೆ ಹೊಗಳಿಕೆ ಅನ್ನೋದು ಯಾರ ತಲೆ ಕೆಡಿಸಿಲ್ಲ ಹೇಳಿ. ಪೇಜಿನಲ್ಲಿ ಅವನ ಮಾತಿಗೆ ಸಾವಿರಗಟ್ಟಲೆ ಲೈಕು ಬೀಳತೊಡಗಿದವು. ಅವನು ಎಂದೂ ಆಡಿರದ ಚಂದ ಚಂದದ ಮಾತುಗಳು ಅವನ ಫೋಟೋ ಕೆಳಗೆ ಕುಂತುಕೊಂಡವು. ದಾವಣಗೆರೆಯಿಂದ ಒಬ್ಬರು ಫೋನು ಮಾಡಿ "ಎಂಥಾ ಮಾತು ಹೇಳಿದ್ರಿ ಯಜಮಾನ್ರೇ" ಅಂದಾಗ, ಯಾವ ಮಾತು ಅಂತ ಕೇಳೋದು ಬಿಟ್ಟು "ಏನೋ ನಮ್ಮ ಹಿರೇರು ಹೇಳಿದ್ದು" ಅಂದುಬಿಟ್ಟ. ಆಮೇಲೆ ಪೋಸ್ಟುಗಳು ದಿನಕ್ಕೆ ಎರಡಿದ್ದದ್ದು ನಾಲ್ಕಾಯಿತು, ನಾಲ್ಕಿದ್ದದ್ದು ಹನ್ನೆರಡಾಯಿತು. ಕುರಿ ಮರಿ ಹಾಕೋ ಕಾಲ ಬಂತು. ರೊಪ್ಪದಲ್ಲಿ ಕೈಯೆಲ್ಲಾ ಮಾಸು ಮೆತ್ತಿಕೊಂಡು ಮರಿ ಎಳೆಯುತ್ತಿರುವಾಗ ಜೇಬಿನಲ್ಲಿ "ಗೌರವಾನ್ವಿತ ಯಜಮಾನರೇ" ಅಂತ ಕೂಗಿದರೆ ಯಾರಿಗೆ ಸಿಟ್ಟು ಬರಲ್ಲ? ಮೂರು ಸಲ ಕೇಳೋದು ಒಂದು ಸಲಕ್ಕೆ ಇಳಿಯಿತು, ಒಂದು ಸಲ ಅನ್ನೋದು ಅರ್ಧಕ್ಕೆ ಇಳಿಯಿತು. ಕೊನೆಗೆ ಒಂದು ದಿನ ಕನಕರಾಜ ಬಂದಾಗ ಫೋನು ಅವನ ಕೈಗಿಟ್ಟ.

"ಇದನ್ನ ನೀನೇ ಇಟ್ಕ. ಬೆತ್ತ ಕಳಿಸಲ್ವೇನು ನಾನು? ಇದೂ ಹಂಗೇ ಅನ್ಕ."

ಕನಕರಾಜ ಒಂದು ಗಳಿಗೆ ಅವನ ಮುಖ ನೋಡಿದ. "ಬರ್ದು ಕೊಡ್ತೀಯ ದೊಡ್ಡಪ್ಪ?"

"ಬೆತ್ತಕ್ಕೆ ಯಾವತ್ತು ಬರ್ಕೊಟ್ಟಿದೀನಿ? ತಗಂಡು ಹೋಗಲೇ."

ವೀರಮ್ಮ ಮಾತ್ರ ಮೊರ ಕೆಳಗಿಟ್ಟು "ಬೆತ್ತಕ್ಕೆ ಬಾಯಿಲ್ಲ, ಇದಕ್ಕೆ ಐತೆ" ಅಂದಳು. ಹೆಂಗಸರ ಮಾತು ಅಂತ ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರು ತಿಂಗಳು ಫೋನಿನ ತಂಟೆ ಇಲ್ಲದೆ ನೆಮ್ಮದಿಯಾಗಿ ಕುರಿ ಹಿಂದೆ ತಿರುಗಿಕೊಂಡಿದ್ದ.

ಆ ಮೂರು ತಿಂಗಳಲ್ಲೇ ಹುಲ್ಲೆಕಾವಲಿನ ಮಾತು ಎದ್ದಿತು. ಹುಲ್ಲೆಕಾವಲು ಅಂದರೆ ಹಟ್ಟಿಗಳ ನಡುವಿನ ಹುಲ್ಲುಗಾವಲು, ಒಂದು ತುದಿಯಲ್ಲಿ ನಿಂತು ಕೂಗಿದರೆ ಇನ್ನೊಂದು ತುದಿಗೆ ಕೇಳದಷ್ಟು ಅಗಲ. ಹದಿನೆಂಟು ಹಟ್ಟಿಯ ಕುರಿಗೂ ಅದೇ ತಟ್ಟೆ. ಅಲ್ಲಿ ಸೋಲಾರ್ ಪ್ಲೇಟು ಹಾಕುತ್ತೀವಿ ಅಂತ ಯಾವುದೋ ಕಂಪನಿ ಬಂತು. ಕಾಗದದಲ್ಲಿ ಅದು ಸರ್ಕಾರದ ಜಾಗ. ಆದರೂ ಅಲ್ಲಿ ಕುರಿ ಮೇಯಿಸೋರ ತಕರಾರು ಕೇಳಬೇಕು ಅಂತ ಒಬ್ಬ ಅಧಿಕಾರಿ ಬುಧವಾರ ಹಟ್ಟಿ ಶಾಲೆಗೆ ಬರುತ್ತಾರೆ ಅಂತ ಸುದ್ದಿಯಾಯಿತು. ಯಾರಿಗೂ ಗಾಬರಿ ಇರಲಿಲ್ಲ. ಯಜಮಾನ ಅವನ ಮುಖಕ್ಕೆ ಬೇಡ ಅನ್ನುತ್ತಾನೆ, ಹದಿನೆಂಟು ಹಟ್ಟಿ ಅವನ ಹಿಂದೆ ನಿಲ್ಲುತ್ತೆ, ಇನ್ನೇನು?

ಹಿಂದಿನ ಶನಿವಾರ ಮಧ್ಯಾಹ್ನ ಸಿದ್ದಕ್ಕ ಬಂದಳು. ಗಂಡ ಇಲ್ಲದ ಹೆಂಗಸು, ಐವತ್ತು ದಾಟಿತ್ತು. ಮೂವತ್ತು ಕುರಿ ಇಟ್ಟುಕೊಂಡು ಹುಲ್ಲೆಕಾವಲಿನಲ್ಲೇ ಬದುಕಿದೋಳು. ದೊಡ್ಡತಿಮ್ಮಪ್ಪನಿಗೆ ಅಣ್ಣ ಅಣ್ಣ ಅಂತಲೇ ಮಾತಾಡೋಳು. ಸೆರಗಿನ ಗಂಟು ಬಿಚ್ಚಿ ಒಂದು ಫೋನು ತೆಗೆದು ಅವನ ಮುಂದೆ ಹಿಡಿದಳು.

"ಅಣ್ಣ, ಇದನ್ನ ನೋಡಿದ್ಯಾ?"

ಫೋನಿನಲ್ಲಿ ಅವನ ಮುಖ. ಮೀಸೆ ಎರಡು ಪಟ್ಟು ದೊಡ್ಡದು ಮಾಡಿದ್ದರು. ಅವನು ನಗುತ್ತಾ ನಿಂತಿದ್ದ, ಹಿಂದೆ ಸಾಲು ಸಾಲು ನೀಲಿ ಪ್ಲೇಟು, ಅವುಗಳ ನೆರಳಿನಲ್ಲಿ ಬೆಳ್ಳನೆ ಕುರಿಗಳು. ಅವಳು ಬೆರಳು ಇಡುತ್ತಲೇ ಆ ಹೆಂಗಸಿನ ದನಿ ಓದತೊಡಗಿತು: "ಬೆಳಕಿನ ನಾಳೆಯತ್ತ ಒಂದು ಹೆಜ್ಜೆ! ಹುಲ್ಲೆಕಾವಲಿನಲ್ಲಿ ಬರಲಿರುವ ಸೌರ ವಿದ್ಯುತ್ ಘಟಕವನ್ನು ಹದಿನೆಂಟು ಹಟ್ಟಿಗಳ ಕಟ್ಟೆಮನೆ ತುಂಬು ಹೃದಯದಿಂದ ಸ್ವಾಗತಿಸುತ್ತದೆ. ಇದಕ್ಕೆ ನಮ್ಮ ಯಜಮಾನರ ಸಂಪೂರ್ಣ ಒಪ್ಪಿಗೆ ಇದೆ."

ದೊಡ್ಡತಿಮ್ಮಪ್ಪ ಅದನ್ನ ಇನ್ನೊಂದು ಸಲ ಓದಿಸಿ ಕೇಳಿದ.

"ಊರೆಲ್ಲಾ ಯಜಮಾನ ಹೂಂ ಅಂದವ್ನೆ, ಇನ್ನೇನು ಮಾಡಾಕಾಗ್ತೈತೆ ಅಂತ ಕುಂತವ್ರೆ" ಅಂದಳು ಸಿದ್ದಕ್ಕ. "ಕುರಿ ಮಾರಾಕೆ ಆಗ್ಲೇ ಇಬ್ಬರು ವ್ಯಾಪಾರಿ ಹತ್ರ ಮಾತಾಡವ್ರೆ. ನಾನು ಮಾತ್ರ ನಂಬ್ಲಿಲ್ಲ ಅಣ್ಣ. ಈ ಬಿಳಿ ಕುರಿ ನೋಡಿದ್ ತಕ್ಷಣ ಗೊತ್ತಾಯ್ತು, ಇದನ್ನ ನೀನು ಕಣ್ಣಲ್ಲೂ ನೋಡಿಲ್ಲ ಅಂತ. ನೋಡಿದ್ರೆ ಬಿಡ್ತಿದ್ಯಾ?"

"ನೋಡಿಲ್ಲ ಕಣವ್ವ, ಫೋನು ಕನಕನ ಕೈಗೆ ಕೊಟ್ಟು ಮೂರು ತಿಂಗಳಾಯ್ತು" ಅಂದ. ಅಷ್ಟಾದರೂ ನಿಜ ಹೇಳಿದ.

ಅವಳು ಅಲ್ಲೇ ಮನೆ ಜಗಲಿಗೆ ಒರಗಿ ಕುಂತಳು. ಒಂದು ಭಾರ ಇಳಿಸಿದಂಗೆ ಉಸಿರು ಬಿಟ್ಟಳು. "ಹಂಗಾರೆ ಬುಧವಾರ ಬಂದು ಅಷ್ಟು ಹೇಳಿಬಿಡು ಸಾಕು. ಅದು ನಾನಲ್ಲ, ನಾನಿರ್ಲಿಲ್ಲ ಅಂತ. ನಾಗಶ್ರೀ ಪಂಚಾಯ್ತಿ ದಿನಾನೂ ನೀನಿರ್ಲಿಲ್ಲ. ನನಗೆ ಗೊತ್ತು. ಅಣ್ಣ ಇದ್ದಿದ್ರೆ ನನ್ನ ಮಗಳನ್ನ ಆ ಮನೆಗೆ ವಾಪಸ್ ಕಳಿಸ್ತಿರ್ಲಿಲ್ಲ, ಆ ನಾಲ್ಕು ಮುದುಕರು ಸೇರ್ಕಂಡು ಮಾಡಿದ್ರು ಅಂತ ಅನ್ಕಂಡೇ ನಾನು ಈ ಆರು ವರ್ಷ ಉಸಿರಾಡಿದೀನಿ. ಇಲ್ದಿದ್ರೆ ನಿನ್ನ ಮನೆ ಹೊಸಲು ತುಳೀತಿದ್ನಾ?"

ಅವಳು ಹೋದ ಮೇಲೂ ದೊಡ್ಡತಿಮ್ಮಪ್ಪ ಕುಂತಲ್ಲಿಂದ ಏಳಲಿಲ್ಲ. ವೀರಮ್ಮ ಉಣ್ಣೋಕೆ ಕರೆದಳು, ಹೋಗಲಿಲ್ಲ.

ನಾಗಶ್ರೀ ವಿಷಯ ಹಟ್ಟಿಯಲ್ಲಿ ಎಲ್ಲರಿಗೂ ಗೊತ್ತು, ಒಂದು ಬಿಟ್ಟು. ಸಿದ್ದಕ್ಕನ ಒಬ್ಬಳೇ ಮಗಳು. ಹೊಸದುರ್ಗದ ಕಡೆ ಒಂದು ದೊಡ್ಡ ಮನೆಗೆ ಕೊಟ್ಟಿದ್ದರು. ಎರಡು ವರ್ಷಕ್ಕೆ ಬೆನ್ನ ಮೇಲೆ ಬಾಸುಂಡೆ ಹೊತ್ತುಕೊಂಡು ಬಸ್ಸಿಳಿದಳು. ಸಾಯ್ತೀನಿ, ಅಲ್ಲಿಗೆ ಮಾತ್ರ ಹೋಗಲ್ಲ ಅಂದಳು. ಕಟ್ಟೆ ಸೇರಿತು. ಆ ದಿನ ಯಜಮಾನನಿಗೆ ಮಂಡಿನೋವು ಅಂತ ಬೆತ್ತ ಬಂತು. ಬೆತ್ತದ ಮುಂದೆ ಹಿರೇರು ತೀರ್ಮಾನ ಕೊಟ್ಟರು: ಗಂಡನ ಕಡೆಯೋರು ತಪ್ಪೊಪ್ಪಿಗೆ ಕೊಡಲಿ, ಹುಡುಗಿ ವಾಪಸ್ ಹೋಗಲಿ. ಹೋದಳು. ಆರು ತಿಂಗಳಿಗೆ ಬಾವಿಗೆ ಬಿದ್ದಳು ಅಂತ ಸುದ್ದಿ ಬಂತು.

ಯಾರಿಗೂ ಗೊತ್ತಿಲ್ಲದ ಒಂದು ಏನಪ್ಪಾ ಅಂದರೆ, ಆವತ್ತು ಅವನ ಮಂಡಿಗೆ ಏನೂ ಆಗಿರಲಿಲ್ಲ. ಆ ಸಂಬಂಧ ಮಾಡಿಸಿದೋನು ದೊಡ್ಡತಿಮ್ಮಪ್ಪನೇ. ಹುಡುಗನ ಅಪ್ಪ ಅವನಿಗೆ ಬೇಕಾದ ಮನುಷ್ಯ. ಮದುವೆ ಮುರಿದರೆ ತಾನು ಕೊಟ್ಟ ಮಾತು ಮುರಿದಂಗೆ, ಮುರಿಯದಿದ್ದರೆ ಆ ಹುಡುಗಿಯ ಮುಖ ನೋಡಿಕೊಂಡು ಹೋಗು ಅನ್ನಬೇಕು. ನೋಡೋ ಧೈರ್ಯ ಆಗಲಿಲ್ಲ. ಬೆತ್ತ ಹೊತ್ತುಕೊಂಡು ಹೋಗೋನ ಕಿವಿಯಲ್ಲಿ "ಹೆಣ್ಣುಮಗಳು ಗಂಡನ ಮನೇಲಿದ್ರೇ ಚಂದ ಅಂತ ಹಿರೇರಿಗೆ ಹೇಳು" ಅಂದು ಕಂಬಳಿ ಹೊದ್ದು ಮಲಗಿದ. ಆ ಮಾತು ಕೇಳಿದ ನಾಲ್ಕು ಹಿರೇರೂ ಒಬ್ಬೊಬ್ಬರಾಗಿ ತೀರಿಕೊಂಡರು, ಅದನ್ನ ಹೊತ್ತುಕೊಂಡು ಹೋದೋನೂ ಸತ್ತು ಮೂರು ವರ್ಷ. ಕೇಳೋರು ಯಾರೂ ಉಳಿದಿಲ್ಲ ಅಂತ ಅವನು ಸಮಾಧಾನ ಮಾಡಿಕೊಂಡಿದ್ದ.

ಸೋಮವಾರ ಮೊದಲನೇ ಬಸ್ಸಿಗೆ ದುರ್ಗಕ್ಕೆ ಹೋದ. ಕನಕರಾಜನ ಅಂಗಡಿಯಲ್ಲಿ ಪಹಣಿಗೆ ಬಂದೋರು ಎದ್ದು ಜಾಗ ಕೊಟ್ಟರು. "ಬರ್ರಿ ಯಜಮಾನ್ರೇ, ಕುಂತ್ಕಳ್ರಿ." ಅವನು ಕುಂತುಕೊಳ್ಳಲಿಲ್ಲ.

"ಲೇ ಕನಕ, ಹುಲ್ಲೆಕಾವಲಿಗೆ ಹೂಂ ಅಂದೋರು ಯಾರಲೇ?"

ಕನಕರಾಜ ಅವನನ್ನ ಒಳಕೋಣೆಗೆ ಕರಕೊಂಡು ಹೋಗಿ ಬಾಗಿಲು ಮುಂದೆ ಮಾಡಿದ. ಹೆದರಿದಂಗೇನೂ ಕಾಣಲಿಲ್ಲ. ಕಂಪ್ಯೂಟರಿನಲ್ಲಿ ಒಂದು ಪಟ್ಟಿ ತೆಗೆದು ಬೆರಳು ಇಟ್ಟು ಓದಿದ. ತಾರೀಖು, ಗಂಟೆ, ನಿಮಿಷ. "ಬರೆದದ್ದು: ಎಐ. ಒಪ್ಪಿದವರು: ದೊಡ್ಡತಿಮ್ಮಪ್ಪ ಯಜಮಾನರು. ನೋಡು, ಇದ್ರಲ್ಲಿ ನನ್ನ ಹೆಸರು ಎಲ್ಲಾದ್ರೂ ಐತಾ ದೊಡ್ಡಪ್ಪ?"

"ಒತ್ತಿದೋನು ನೀನು ಕಣೋ ಹಲ್ಕಟ್!"

"ಒತ್ತು ಅಂತ ಕೊಟ್ಟೋನು ನೀನು. ಬೆತ್ತ ಇದ್ದಂಗೆ ಅಂದೋನು ನೀನು. ಸೋಲಾರ್ ಬಗ್ಗೆ ಚೆನ್ನಾಗಿ ಬರಿ ಅಂತ ಅದಕ್ಕೊಂದು ಮಾತು ಹೇಳಿದೆ, ಅದು ಬರೀತು. ನಮ್ಮ ಹುಡುಗ್ರಿಗೆ ಅಲ್ಲಿ ಕೆಲಸ ಸಿಗ್ತೈತೆ. ಎಷ್ಟು ದಿನ ಅಂತ ಕುರಿ ಬಾಲ ಹಿಡ್ಕಂಡು ಓಡಾಡ್ತಾರೆ?"

ಹುಲ್ಲೆಕಾವಲಿನ ಸುತ್ತ ಬೇಲಿ ಹಾಕೋ ಗುತ್ತಿಗೆ ಇವನಿಗೇ ಸಿಕ್ಕಿದೆ ಅನ್ನೋದನ್ನ ಮಾತ್ರ ಹೇಳಲಿಲ್ಲ. ಅದನ್ನ ದೊಡ್ಡತಿಮ್ಮಪ್ಪ ಬಸ್ಸಿನಲ್ಲೇ ಕೇಳಿಕೊಂಡು ಬಂದಿದ್ದ.

"ಬುಧವಾರ ನಾನು ಬಂದು ಅಲ್ಲ ಅಂತೀನಿ. ಅದು ನಾನಲ್ಲ ಅಂತೀನಿ. ಏನ್ ಮಾಡ್ತೀಯ?"

"ನಾನೇನ್ ಮಾಡಲಿ. ಹೇಳು" ಅಂದ ಕನಕರಾಜ. ದನಿ ಬಹಳ ಮೆತ್ತಗಿತ್ತು. ಸಣ್ಣವನಿದ್ದಾಗ ಇದೇ ದೊಡ್ಡಪ್ಪನ ಹೆಗಲ ಮೇಲೆ ಕುಂತು ದುರ್ಗದ ಕೋಟೆ ನೋಡಿದ್ದ. "ಆದ್ರೆ ಆಮೇಲಿಂದು ಯೋಚನೆ ಮಾಡು. ಹಾಲೇಶ ಮೊದ್ಲು ಎದ್ದು ನಿಲ್ತಾನೆ. ಅವನ ತೋಟದ ಪಾಲು ಆದ ದಿನ ನೀನಿದ್ಯಾ? ಇರ್ಲಿಲ್ಲ, ಬೆತ್ತ ಇತ್ತು. ಬಾವಿ ಇದ್ದ ಕಡೆ ತಮ್ಮಂಗೆ ಹೋಯ್ತು, ಅವನು ತುಟಿ ಪಿಟಕ್ ಅನ್ಲಿಲ್ಲ, ಯಾಕಂದ್ರೆ ಯಜಮಾನ್ರ ಮಾತು ಅಂತ. ಫೋನ್ ಕಳಿಸಿದಾಗ ನಾನಿರ್ಲಿಲ್ಲ ಅಂದ್ರೆ, ಬೆತ್ತ ಕಳಿಸಿದಾಗ ಹೆಂಗಿದ್ದೆ ಅಂತ ಕೇಳಲ್ವಾ? ಎಷ್ಟು ಸಲ ಕಳಿಸಿದೀಯ ದೊಡ್ಡಪ್ಪ, ಲೆಕ್ಕ ಇಟ್ಟಿದೀಯಾ? ಒಂದು ದಾರ ಎಳೆದ್ರೆ ಕಂಬಳಿ ಪೂರ್ತಿ ಬಿಚ್ಕಂತೈತೆ."

ದೊಡ್ಡತಿಮ್ಮಪ್ಪನಿಗೆ ಆ ಕ್ಷಣ ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಕೈ ಎತ್ತಿದ, ಎತ್ತಿದ ಕೈಯಿಂದ ಮೇಜಿನ ಮೇಲಿದ್ದ ತನ್ನ ಫೋನು ತಗೊಂಡು ಜೇಬಿಗೆ ಹಾಕಿಕೊಂಡು ಹೊರಬಿದ್ದ. ಹೊರಗೆ ಕುಂತಿದ್ದೋರು ಮತ್ತೆ ಎದ್ದು ನಿಂತರು.

ಎರಡು ದಿನ ಯೋಚನೆ ಮಾಡಿದ. ಕುರಿ ಹಿಂದೆ ಹುಲ್ಲೆಕಾವಲಿಗೇ ಹೋಗಿ ಬಂದ. ಹುಲ್ಲು ಮಂಡಿವರೆಗೆ ಬೆಳೆದಿತ್ತು, ಈ ವರ್ಷ ಮಳೆ ಚೆನ್ನಾಗಿತ್ತು. ಅಲ್ಲಿ ನಿಂತಾಗ ಅಲ್ಲ ಅಂತಲೇ ಹೇಳೋದು ಅಂತ ಗಟ್ಟಿ ಮಾಡಿಕೊಂಡ. ಮಂಗಳವಾರ ರಾಗಿ ಮುದ್ದೆ ಮುಂದಿಟ್ಟ ವೀರಮ್ಮನಿಗೆ ಹೇಳಿದ: "ನಾಳೆ ಅಲ್ಲ ಅಂತೀನಿ ಕಣೇ. ಹೋದ್ರೆ ಹೋಗ್ಲಿ ಯಜಮಾನಿಕೆ."

"ಅನ್ನು. ಆ ಸಿದ್ದಕ್ಕನ ಮುಖ ನೋಡ್ಕಂಡು ಅನ್ನು" ಅಂದಳು ವೀರಮ್ಮ. ಬಹಳ ವರ್ಷದ ಮೇಲೆ ಅವನ ತಟ್ಟೆಗೆ ಕೇಳದೇ ತುಪ್ಪ ಹಾಕಿದಳು.

ಬುಧವಾರ ಶಾಲೆಯ ಪಡಸಾಲೆ ತುಂಬಿ ಹೊರಗೂ ಜನ. ಹದಿನೆಂಟು ಹಟ್ಟಿಯೋರೂ ಬಂದಿದ್ದರು. ಮೇಜಿನ ಹಿಂದೆ ಅಧಿಕಾರಿ, ಪಕ್ಕದಲ್ಲಿ ಕಂಪನಿಯ ಒಬ್ಬ ಯುವಕ, ಕನಕರಾಜ ಎಲ್ಲರಿಗೂ ನೀರಿನ ಬಾಟಲಿ ಹಂಚುತ್ತಿದ್ದ. ಹೆಂಗಸರು ಬಾಗಿಲ ಹತ್ತಿರ ನೆಲದ ಮೇಲೆ. ಸಿದ್ದಕ್ಕ ಎಲ್ಲರಿಗಿಂತ ಮುಂದೆ ಕುಂತಿದ್ದಳು. ಯಜಮಾನ ಒಳಗೆ ಬಂದಾಗ ಅವಳ ಮುಖ ಅರಳಿದ್ದನ್ನ ಅವನು ನೋಡಿದ.

ಅಧಿಕಾರಿ ಕೆಟ್ಟ ಮನುಷ್ಯನೇನಲ್ಲ. ನೇರವಾಗಿ ಕೇಳಿದ. "ಯಜಮಾನ್ರೇ, ನಿಮ್ಮ ಪೇಜಿನಲ್ಲಿ ಒಪ್ಪಿಗೆ ಅಂತ ಬಂದಿದೆ. ಪ್ರಿಂಟ್ ತೆಗೆದು ಫೈಲಿಗೆ ಹಾಕಿದಾರೆ. ಆದರೆ ನಾನು ನಿಮ್ಮ ಬಾಯಿಂದ ಕೇಳಬೇಕು. ನಿಮ್ಮದಲ್ಲ ಅನ್ನಿ, ತಕರಾರು ಅಂತ ಬರ್ಕೊಳ್ತೀನಿ, ಫೈಲ್ ವಾಪಸ್ ಹೋಗುತ್ತೆ. ಇದು ನಿಮ್ಮ ಮಾತೇನಾ?"

ಇದಕ್ಕಿಂತ ಸುಲಭ ಮಾಡಿ ಯಾರು ಕೇಳುತ್ತಾರೆ ಹೇಳಿ. ಅಲ್ಲ ಅನ್ನೋ ಎರಡಕ್ಷರ. ದೊಡ್ಡತಿಮ್ಮಪ್ಪ ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಹಿಂದಿನಿಂದ ಹಾಲೇಶ ಎದ್ದು ನಿಂತ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಅದಾದರೂ ಇದ್ದಿದ್ದರೆ ಚೆನ್ನಾಗಿತ್ತು.

"ಸಾರ್, ಅದೇನು ಕೇಳ್ತೀರಿ?" ಅಂದ ಹಾಲೇಶ. "ನಮಗೂ ಈ ಸೋಲಾರ್ ಬೇಡ. ಆದ್ರೆ ಯಜಮಾನ್ರ ಹೆಸರಲ್ಲಿ ಬಂದ್ಮೇಲೆ ಬಂತು. ನನ್ನ ಬಾವಿ ಹೋಯ್ತು, ನಾನು ಕೇಳಿದ್ನಾ? ನಮ್ಮ ಯಜಮಾನ್ರು ಯಾವತ್ತೂ ಮಾತು ಹಿಂದಕ್ಕೆ ತಗಂಡಿಲ್ಲ ಸಾರ್. ಅದೊಂದು ನಮ್ಮ ಹತ್ರ ಉಳಿದೈತೆ."

ಹೌದೌದು ಅಂತ ಅಲ್ಲಲ್ಲಿ ತಲೆ ಆಡಿದವು. ಸೋಲೋದಕ್ಕೇ ಬಂದು ಕುಂತ ಜನ, ಹೆಮ್ಮೆಯಿಂದ ತಲೆ ಆಡಿಸುತ್ತಿದ್ದರು. ದೊಡ್ಡತಿಮ್ಮಪ್ಪ ಆ ತಲೆಗಳನ್ನೆಲ್ಲಾ ನೋಡಿದ. ಒಂದೊಂದು ತಲೆಗೂ ಒಂದೊಂದು ತೀರ್ಮಾನ ಅವನಿಗೆ ನೆನಪಾಯಿತು. ಅದರಲ್ಲಿ ಎಷ್ಟು ತಾನು ಕುಂತು ಮಾಡಿದ್ದು, ಎಷ್ಟು ಕಂಬಳಿ ಹೊದ್ದು ಮಲಗಿ ಮಾಡಿಸಿದ್ದು ಅಂತ ಅವನಿಗೇ ಗೊತ್ತಾಗಲಿಲ್ಲ. ಅಲ್ಲ ಅಂದರೆ ನಾಳೆಯಿಂದ ಇವರೆಲ್ಲಾ ಒಬ್ಬೊಬ್ಬರೇ ಮನೆ ಬಾಗಿಲಿಗೆ ಬರುತ್ತಾರೆ. ಬರದೇ ಇದ್ದರೆ ಇನ್ನೂ ಕೆಟ್ಟದ್ದು. ದಾರಿಯಲ್ಲಿ ಸಿಕ್ಕರೂ ನಮಸ್ಕಾರ ಮಾಡದೇ ಹೋಗುತ್ತಾರೆ. ಎಪ್ಪತ್ತನಾಲ್ಕು ವರ್ಷದ ಮನುಷ್ಯನಿಗೆ ಆ ಒಂದು ನಮಸ್ಕಾರ ಇಷ್ಟು ದೊಡ್ಡದು ಅಂತ ಅವನಿಗೂ ಅಲ್ಲಿವರೆಗೆ ತಿಳಿದಿರಲಿಲ್ಲ. ಇದು ಹೇಡಿತನ ಅಂತಲೂ ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಬಾಯಿ ತೆಗೆದ.

"ಹೂಂ" ಅಂದ. "ನನ್ನ ಮಾತೇ."

ಅಧಿಕಾರಿ ಇನ್ನೊಂದು ಸಲ ಮುಖ ನೋಡಿ ಬರೆದುಕೊಂಡ. ಕನಕರಾಜ ಬಾಟಲಿಯ ಮುಚ್ಚಳ ತಿರುಗಿಸಿ ಗಟಗಟ ನೀರು ಕುಡಿದ. ಹೊರಗೆ ಯಾರೋ ಆಗಲೇ ವ್ಯಾಪಾರಿಗೆ ಫೋನು ಹಚ್ಚಿ, ಕುರಿ ನೋಡೋಕೆ ಯಾವಾಗ ಬರ್ತೀರಿ ಅಂತ ಕೇಳುತ್ತಿದ್ದರು.

ಸಿದ್ದಕ್ಕ ಎದ್ದು ನಿಂತಳು. ಅವಳಿಗೆ ಇನ್ನೂ ಪೂರ್ತಿ ಅರ್ಥವಾಗಿರಲಿಲ್ಲವೋ ಏನೋ, ಮುಖದ ಮೇಲಿದ್ದ ನಗೆ ಪೂರ್ತಿ ಹೋಗಿರಲಿಲ್ಲ. ನಿಧಾನಕ್ಕೆ ಮೇಜಿನವರೆಗೆ ನಡೆದು ಬಂದಳು.

"ನೀವು ಅಲ್ಲಿ ಇರ್ಲಿಲ್ಲ. ಫೋನ್ ಕೊಟ್ಟು ಕಳಿಸಿದ್ರಿ. ಆದ್ರೂ ಅದು ನಿಮ್ಮ ಮಾತೇ, ಅಲ್ವಾ ಯಜಮಾನ್ರೇ?"

ಅಣ್ಣ ಅನ್ನಲಿಲ್ಲ. ನಲವತ್ತು ವರ್ಷದಲ್ಲಿ ಅವಳು ಅವನನ್ನ ನೀವು ಅಂದಿದ್ದು ಅದೇ ಮೊದಲು.

"ಹೂಂ" ಅಂದ ದೊಡ್ಡತಿಮ್ಮಪ್ಪ.

"ಹಂಗಾರೆ ನಾಗಶ್ರೀನ ಕಳಿಸಿದ್ದೂ ನೀವೇ."

ಅಧಿಕಾರಿ ಪೆನ್ನು ಎತ್ತಿ ಕನಕರಾಜನ ಕಡೆ ತಿರುಗಿದ. "ಯಾರು ನಾಗಶ್ರೀ? ಈ ಫೈಲಿಗೆ ಸಂಬಂಧಪಟ್ಟೋರಾ?"

"ಅಲ್ಲ ಸಾರ್, ಯಾವುದೋ ಹಳೇ ಪಂಚಾಯ್ತಿ" ಅಂದ ಕನಕರಾಜ. "ಸಿದ್ದತ್ತೆ, ಹೋಗ್ಲಿ ಬಿಡು, ಕುಂತ್ಕ."

ಅವಳು ಕುಂತುಕೊಳ್ಳಲಿಲ್ಲ. ಅಳಲೂ ಇಲ್ಲ. ಯಜಮಾನನ ಬಾಯಿಯನ್ನೇ ನೋಡುತ್ತಾ ನಿಂತಳು. ದೊಡ್ಡತಿಮ್ಮಪ್ಪ ಸುತ್ತ ನೋಡಿದ. ಹದಿನೆಂಟು ಹಟ್ಟಿಯೂ ಅವನ ಬಾಯಿಯನ್ನೇ ನೋಡುತ್ತಿತ್ತು. ಇಲ್ಲ ಕಣವ್ವ, ಅದು ಬೇರೆ, ಆವತ್ತು ನಾನಿರಲಿಲ್ಲ ಅನ್ನೋಕೆ ಈಗ ದಾರಿ ಇರಲಿಲ್ಲ. ಎರಡು ನಿಮಿಷದ ಹಿಂದೆ ಆ ದಾರಿಗೆ ಅವನೇ ಬೇಲಿ ಹಾಕಿಕೊಂಡಿದ್ದ. ಅಷ್ಟೇ ಅಲ್ಲ, ಅವಳು ಹೇಳಿದ್ದು ನಿಜವಾಗಿತ್ತು.

"ಹೂಂ" ಅಂದ. ಎದುರಿಗಿದ್ದೋರಿಗೂ ಸರಿಯಾಗಿ ಕೇಳಿಸಲಿಲ್ಲ. ಮತ್ತೊಂದು ಸಲ ಅಂದ. "ಹೂಂ. ನಾನೇ ಕಳಿಸಿದ್ದು."

ಸಿದ್ದಕ್ಕ ತಲೆ ಆಡಿಸಿದಳು.

"ಇದನ್ನ ಆವತ್ತೇ ಕಟ್ಟೆಗೆ ಬಂದು ಹೇಳಿದ್ರೆ, ಯಾರಿಗೆ ಶಾಪ ಹಾಕಬೇಕು ಅಂತನಾದ್ರೂ ಗೊತ್ತಾಗಿ ಸಾಯ್ತಿದ್ಳು ನನ್ನ ಮಗಳು" ಅಂದಳು. "ಆ ಹುಡುಗಿ ಬಸ್ ಹತ್ತೋವಾಗ, ಅವ್ವ, ದೊಡ್ಡಮಾವಂಗೆ ಮೈ ಹುಷಾರಿಲ್ಲ ಅಂತೆ, ಹೋಗಿ ನೋಡ್ಕಂಡು ಬಾ ಅಂದ್ಳು."

ಅಷ್ಟು ಹೇಳಿ ಹೆಂಗಸರನ್ನ ದಾಟಿಕೊಂಡು ಹೊರಗೆ ಹೋದಳು. ಯಾರೂ ಅವಳನ್ನ ಕರೆಯಲಿಲ್ಲ. ಅಧಿಕಾರಿ ಫೈಲನ್ನ ಮೇಜಿನ ಮೇಲೆ ತಿರುಗಿಸಿ, ಇಲ್ಲೊಂದು ರುಜು ಹಾಕಿ ಅಂತ ಯಜಮಾನನ ಮುಂದೆ ಸರಿಸಿದ.